ಮೊದಲ ಹಾರಾಟದ ಹಕ್ಕು

೨೦೦೪ರ ಫೆಬ್ರವರಿ ಎಂಟು, ಭಾನುವಾರ. ಬೆಳಗಿನ ಹತ್ತೂವರೆಯ ಹೊತ್ತಿಗೆ ಕೆಸರೆ ಕಡೆಯ ಪೊಲೀಸ್ ಠಾಣೆಯ ಮೆಟ್ಟಿಲೇರಿ ಬಂದ ಹೆಂಗಸಿನ ಕೈಯಲ್ಲಿ ಕುಡುಗೋಲಿತ್ತು. ಪಹರೆಯ ಪೇದೆ ಗಾಬರಿಯಿಂದ ಅಡ್ಡ ನಿಂತ. ಸೆರಗಿಗೆ ರಕ್ತ ಹತ್ತಿತ್ತು. ಕೂದಲಲ್ಲಿ ಹುಲ್ಲಿನ ಎಸಳುಗಳಿದ್ದವು. ಕುಡುಗೋಲು ತನ್ನ ಕೈಯಲ್ಲಿದೆಯೆಂಬ ಪ್ರಜ್ಞೆಯೇ ಆಕೆಗಿರಲಿಲ್ಲ.

“ಅದನ್ನ ಅಲ್ಲೇ ಕೆಳಗಿಡು ತಾಯಿ,” ಎಂದ ಮುಖ್ಯ ಪೇದೆ ಮಂಟೇಸ್ವಾಮಿ. “ಯಾರಿಗೆ ಏನ್ ಮಾಡ್ಬುಟ್ಟೆ?”

“ನಾನೇನೂ ಮಾಡ್ನಿಲ್ಲ ಸ್ವಾಮಿ. ನಮ್ ಯಜಮಾನ್ರ ಮ್ಯಾಲೆ ಇಮಾನ ಬಿದ್ಬುಡ್ತು.”

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರ್ ಮಹದೇವಯ್ಯ ಕಡತದಿಂದ ತಲೆಯೆತ್ತಿದರು. ನಗು ಅಲ್ಲಿಗೇ ನಿಂತಿತು.

“ಹೆಸರೇನಮ್ಮ?”

“ಪುಟ್ಟತಾಯಮ್ಮ.”

“ಯಜಮಾನ್ರ ಹೆಸರು?”

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. “ಚಿಕ್ಕಣ್ಣ ಅಂತ ಬರ್ಕಳಿ,” ಎಂದಳು.

ಕೆಸರೆಯಾಚೆಯ ಖಾಲಿ ಮೈದಾನದಲ್ಲಿ ಭಾನುವಾರದ ಬೆಳಿಗ್ಗೆ ಕೆಲವರು ರೇಡಿಯೊದಿಂದ ನಡೆಸುವ ಆಟದ ವಿಮಾನಗಳನ್ನು ಹಾರಿಸುತ್ತಾರೆ. ಅದೇ ಮೈದಾನದ ಅಂಚಿನಲ್ಲಿ ಚಿಕ್ಕಣ್ಣ ದಂಪತಿಗಳು ತಮ್ಮ ಎರಡು ಹಸುಗಳಿಗೆ ಹುಲ್ಲು ಕೊಯ್ಯುತ್ತಾರೆ. ಆ ದಿನ ಒಂದು ವಿಮಾನ ನೇರವಾಗಿ ಬಂದು ಚಿಕ್ಕಣ್ಣನ ತಲೆಗೆ ಬಡಿಯಿತು. ಹಾರಿಸುವವರೇ ಅವನನ್ನು ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದರು, ಪ್ರಜ್ಞೆ ಬಂದಿರಲಿಲ್ಲ. ಪುಟ್ಟತಾಯಮ್ಮನ ಹೇಳಿಕೆಯ ಮೇಲೆ, ದುಡುಕಿನ ಕೃತ್ಯದಿಂದ ತೀವ್ರ ಗಾಯಪಡಿಸಿದ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆಗೆಂದು ಹೋದ ಮಹದೇವಯ್ಯನವರು ಆಟದ ಸಾಮಾನೆಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಬೇಕಾಯಿತು. ಹುಲ್ಲಿನ ನಡುವೆ ಬಿದ್ದಿದ್ದದ್ದು ಆಳುದ್ದದ ಜೆಟ್ ವಿಮಾನ. ಅಂಗಡಿಯಲ್ಲಿ ಕೊಂಡದ್ದಲ್ಲ. ಹಗುರವಾದ ಬಾಲ್ಸಾ ಮರವನ್ನು ಬ್ಲೇಡಿನಿಂದ ಕೊರೆದು ಒಂದೊಂದೇ ಪಕ್ಕೆಲುಬು ಜೋಡಿಸಿ, ಫೈಬರ್ ಗಾಜಿನ ಬಟ್ಟೆ ಹೊದಿಸಿ ಕೈಯಾರೆ ಕಟ್ಟಿದ್ದು. ಒಡಲಿನ ಕೊಳವೆಯಲ್ಲಿ ಪುಟ್ಟ ಎಂಜಿನ್ ಒಂದು ಫ್ಯಾನನ್ನು ತಿರುಗಿಸಿ ಗಾಳಿಯನ್ನು ಹಿಂದಕ್ಕೆ ತಳ್ಳುವಂತೆ ಮಾಡಿದ್ದರು. ಮೂತಿ ಜಜ್ಜಿಹೋಗಿತ್ತು. ಅದರ ಮೇಲಿನ ಬೆಳ್ಳಿಯ ಬಣ್ಣ ಇನ್ನೂ ಹೊಳೆಯುತ್ತಲೇ ಇತ್ತು, ರಕ್ತ ಹತ್ತಿದ ಜಾಗವೊಂದನ್ನು ಬಿಟ್ಟು.

ಅದನ್ನು ಕಟ್ಟಿದ ಶಿವಕಿರಣ್ ಪಕ್ಕದಲ್ಲೇ ನೆಲದ ಮೇಲೆ ಕುಳಿತಿದ್ದ. ಚಾಮರಾಜಪುರಂನಲ್ಲಿ ತಂದೆಯ ಪಾತ್ರೆ ಅಂಗಡಿ ನೋಡಿಕೊಳ್ಳುವ ಇಪ್ಪತ್ತಾರರ ಯುವಕ. ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ವರ್ಷ ಈ ಜೆಟ್ಟಿಗಾಗಿ ದುಡಿದಿದ್ದ. ಅಂಗಿಯ ಜೇಬಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದನ್ನು ಸಿಕ್ಕಿಸಿಕೊಂಡಿದ್ದ. ಅದರ ಮೇಲೆ ನಲವತ್ತೆರಡು ಎಂದು ಬರೆದಿತ್ತು.

“ನನ್ನದೇ ತಪ್ಪು ಸಾರ್,” ಎಂದ. “ನಾನೇ ಕಟ್ಟಿದ್ದು, ನಾನೇ ಹಾರಿಸಿದ್ದು. ಬರ್ಕೊಳ್ಳಿ.”

“ಏನು ತಪ್ಪು?”

“ಗೊತ್ತಿಲ್ಲ ಸಾರ್. ಕೈಗೆ ಸಿಗಲಿಲ್ಲ, ಬಿತ್ತು.”

ಆಗ ಮುಂದೆ ಬಂದವರು ಗುರುಮಲ್ಲಪ್ಪನವರು. ಒಂಟಿಕೊಪ್ಪಲಿನವರು, ತಾಂತ್ರಿಕ ತರಬೇತಿ ಕೇಂದ್ರವೊಂದರ ನಿವೃತ್ತ ಬೋಧಕರು; ಇಸ್ತ್ರಿಯ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಈ ಮೈದಾನದಲ್ಲಿ ಹಾರಿಸುವವರೆಲ್ಲ ಅವರ ಶಿಷ್ಯರೇ. “ಇವರಿಗೆಲ್ಲ ಈ ವಿದ್ಯೆ ಕಲಿಸಿದವನು ನಾನು. ನಿಮಗೆ ತಿಳಿಯಬೇಕಾದ್ದು ಏನಿದ್ದರೂ ನನ್ನನ್ನ ಕೇಳಿ,” ಎಂದರು.

ಮಹದೇವಯ್ಯ ಕೇಳಿದರು. ತಾನರಿಯದ ವಿದ್ಯೆಯ ಮುಂದೆ ನಿಂತ ಅಧಿಕಾರಿ ಬಲ್ಲವರನ್ನು ಕೇಳುವುದು ಸರಿಯೇ. ಬಲ್ಲವರು ಯಾರೆಂದು ಮೊದಲು ವಿಚಾರಿಸದಿರುವುದು ಮಾತ್ರ ತಪ್ಪು.

ಗುರುಮಲ್ಲಪ್ಪನವರು ಪಾಠ ಹೇಳುವ ಧಾಟಿಯಲ್ಲಿಯೇ ವಿವರಿಸಿದರು. ಕೈಯಲ್ಲಿ ಹಿಡಿದು ವಿಮಾನ ನಡೆಸುವ ಒಂದೊಂದು ಟ್ರಾನ್ಸ್‌ಮಿಟರಿಗೆ ಒಂದೊಂದು ಚಾನೆಲ್. ಚಾನೆಲನ್ನು ನಿಶ್ಚಯಿಸುವುದು ಅದರೊಳಗಿನ ಬೆರಳ ತುದಿಯಷ್ಟು ಕ್ರಿಸ್ಟಲ್. ಒಂದೇ ಚಾನೆಲಿನಲ್ಲಿ ಇಬ್ಬರು ಒಟ್ಟಿಗೆ ಟ್ರಾನ್ಸ್‌ಮಿಟರ್ ಹಾಕಿದರೆ ಆಕಾಶದಲ್ಲಿರುವ ವಿಮಾನ ಇಬ್ಬರ ಮಾತನ್ನೂ ಕೇಳಲಾರದೆ ಬಿದ್ದುಹೋಗುತ್ತದೆ. ಆದ್ದರಿಂದಲೇ ಮೈದಾನದಲ್ಲಿ ನಿಲ್ಲಿಸಿದ ಆ ಹಲಗೆ, ಹಲಗೆಯ ಮೇಲೆ ಅಂಕಿ ಬರೆದ ಕ್ಲಿಪ್ಪುಗಳು. ಕ್ಲಿಪ್ಪು ಯಾರ ಜೇಬಿನಲ್ಲಿದೆಯೋ ಚಾನೆಲ್ ಅವರದು.

“ಆಂಟೆನಾಗೆ ಕಟ್ಟಿರೋ ಈ ಕೆಂಪು ರಿಬ್ಬನ್?”

“ಅದರ ಮೇಲೂ ಚಾನೆಲ್ ಸಂಖ್ಯೆ. ದೂರದಿಂದಲೇ ಕಾಣಬೇಕಲ್ಲ? ಕ್ರಿಸ್ಟಲ್ ಬದಲಾಯಿಸಿದರೆ ಆ ಕ್ಷಣವೇ ರಿಬ್ಬನ್ ಬದಲಾಯಿಸಬೇಕು. ಮರೆತವನನ್ನ ಅವತ್ತು ಮನೆಗೆ ಕಳಿಸಿಬಿಡ್ತೀನಿ.”

“ಶಿಸ್ತಿನವರು ನೀವು, ಮೇಷ್ಟ್ರೇ.”

“ಶಿಸ್ತಿಲ್ಲದೆ ವಿದ್ಯೆ ಇಲ್ಲ ಸ್ವಾಮಿ.”

ವಿಮಾನದ ಅವಶೇಷಗಳನ್ನು ಪರೀಕ್ಷಿಸಿ ಅವರು ಅಭಿಪ್ರಾಯ ಬರೆದುಕೊಟ್ಟರು: ಬಾಲದ ಅಂಟು ಗಾಳಿಯಲ್ಲಿಯೇ ಬಿಟ್ಟುಹೋಗಿದೆ, ಕಟ್ಟಿದವನ ಅಜಾಗರೂಕತೆ.

ಹತ್ತನೆಯ ತಾರೀಖು ಚಿಕ್ಕಣ್ಣ ತೀರಿಕೊಂಡ. ಶವ ಪಂಚನಾಮೆ ಮುಗಿಯಿತು. ಪ್ರಕರಣ ನಿರ್ಲಕ್ಷ್ಯದಿಂದಾದ ಸಾವೆಂದು ಬದಲಾಯಿತು. ಶಿವಕಿರಣ್‌ನನ್ನು ದಸ್ತಗಿರಿ ಮಾಡಿ ಜಾಮೀನಿನ ಮೇಲೆ ಬಿಡಲಾಯಿತು. ಅವನು ವಕೀಲರನ್ನೂ ಕೇಳಲಿಲ್ಲ. ಅಭಿಪ್ರಾಯ ಪತ್ರದ ವಿಷಯ ತಿಳಿದಾಗ, “ಮೇಷ್ಟ್ರು ಹೇಳಿದ ಮೇಲೆ ಮುಗೀತು ಸಾರ್,” ಎಂದಷ್ಟೇ ಅಂದ. ಶವಾಗಾರದ ಬಾಗಿಲಲ್ಲಿ ಪುಟ್ಟತಾಯಮ್ಮ ಅವನನ್ನು ಕಂಡು ಮಣ್ಣೆತ್ತಿ ತೂರಿದ್ದಳು. ಅವನು ಮುಖ ಒರೆಸಿಕೊಂಡಿರಲಿಲ್ಲ.

ಆರೋಪಪಟ್ಟಿ ಸಿದ್ಧಪಡಿಸಿ ಕೈತೊಳೆದುಕೊಳ್ಳಬಹುದಿತ್ತು. ನಮ್ಮಲ್ಲಿ ಎಷ್ಟೋ ಸಾವುಗಳು ಅಪಘಾತವೆಂಬ ಒಂದು ಮಾತಿನ ಕೆಳಗೆ ಹೂತುಹೋಗುತ್ತವೆ. ಹುಲ್ಲು ಕೊಯ್ಯುವವನ ಸಾವಂತೂ ಇನ್ನೂ ಬೇಗ ಹೂತುಹೋಗುತ್ತದೆ. ಆದರೆ ಮಹದೇವಯ್ಯ ಸಹಿ ಹಾಕುವ ಮುನ್ನ ಕಡತವನ್ನು ಮೊದಲಿನಿಂದ ಓದುವವರು. ಓದುತ್ತ ಓದುತ್ತ ತಾವೇ ಬರೆಸಿದ ಸ್ಥಳದ ನಕ್ಷೆಯ ಬಳಿ ನಿಂತರು.

“ಮಂಟೇಸ್ವಾಮಿ, ಬಾಲ ಎಲ್ಲಿ ಬಿದ್ದಿತ್ತು?”

“ಮೂತಿ ಪಕ್ಕದಲ್ಲೇ ಸಾರ್. ಮೊಳ ದೂರ ಇಲ್ಲ.”

“ಗಾಳಿಯಲ್ಲೇ ಕಿತ್ತುಕೊಂಡಿದ್ರೆ?”

ಮಂಟೇಸ್ವಾಮಿ ತಲೆ ಕೆರೆದುಕೊಂಡ. “ಓಡೋ ಬಸ್ಸಿಂದ ಚೀಲ ಬಿದ್ರೆ, ಬಸ್ಸು ನಿಂತ ಕಡೆ ಸಿಗಲ್ಲ ಸಾರ್.”

“ಹಾಗಾದ್ರೆ ಬಿದ್ದ ಮೇಲೆ ಮುರಿದಿದೆ. ಮೇಷ್ಟ್ರು ಬರೆದಿರೋದು ಒಂದೋ ಸುಳ್ಳು, ಇಲ್ಲ ತಪ್ಪು.”

“ಎಲ್ಡರಲ್ಲಿ ಯಾವ್ದು ಸಾರ್?”

“ಅದನ್ನೇ ತಿಳೀಬೇಕು.”

ಸಂಜೆ ಕೆಸರೆಗೆ ಹೋಗಿ ಪುಟ್ಟತಾಯಮ್ಮನನ್ನು ಮತ್ತೆ ಕೇಳಿದರು.

“ಬೀಳೋಕೆ ಮುಂಚೆ ಹೆಂಗಿತ್ತಮ್ಮ ಅದು?”

“ನಡುಗ್ತು ಸ್ವಾಮಿ. ಚಳಿಜ್ವರ ಬಂದಂಗೆ. ರೆಕ್ಕೆ ಇಂದ್ಗಡೆ ಅಲಗೆಗಳು ಪಟಪಟ ಅಂದ್ವು. ಆಮ್ಯಾಕೆ ಮಗ್ಗುಲಾಗಿ ನಮ್ ಕಡೀಕೆ ಬಂದ್ಬುಡ್ತು. ನಾನು ಕೂಗ್ದೆ. ಅವ್ರು ತಲೆ ಎತ್ನಿಲ್ಲ. ಕಂತೆ ಕಟ್ತಿದ್ರು.”

ಮರುದಿನ ಅವಶೇಷಗಳೊಂದಿಗೆ ಶಿವಕಿರಣ್‌ನ ಟ್ರಾನ್ಸ್‌ಮಿಟರ್ ಪೊಲೀಸ್ ವೈರ್‌ಲೆಸ್ ವಿಭಾಗಕ್ಕೆ ಹೋಯಿತು. ಅಲ್ಲಿನ ಸಬ್ ಇನ್‌ಸ್ಪೆಕ್ಟರ್ ಪ್ರೇಮಲೀಲಾ ಒಡೆದ ವಿಮಾನದ ರಿಸೀವರನ್ನು ಬಿಡಿಸಿ ಮೇಜಿನ ಮೇಲೆ ಜೋಡಿಸಿದರು. ಬ್ಯಾಟರಿಯಲ್ಲಿ ಶಕ್ತಿಯಿತ್ತು, ಎಲ್ಲವೂ ಹೇಳಿದಂತೆ ಕೇಳುತ್ತಿತ್ತು. ಅನಂತರ ಅವರು ಅದೇ ಚಾನೆಲಿನಲ್ಲಿ ಇನ್ನೊಂದು ಅಲೆಯನ್ನು ಬಿಟ್ಟರು. ರೆಕ್ಕೆಯ ಹಿಂದಿನ ಹಲಗೆಗಳು ಮೇಜಿನ ಮೇಲೆ ಪಟಪಟನೆ ಬಡಿದುಕೊಂಡವು.

“ಅಂಟೂ ಅಲ್ಲ, ಗಾಳೀನೂ ಅಲ್ಲ ಸಾರ್,” ಎಂದರು ಪ್ರೇಮಲೀಲಾ. “ಹತ್ತಿರದಲ್ಲಿ ಯಾರೋ ನಲವತ್ತೆರಡರಲ್ಲಿ ಟ್ರಾನ್ಸ್‌ಮಿಟರ್ ಆನ್ ಮಾಡಿದ್ದಾರೆ.”

“ಕ್ಲಿಪ್ಪು ಹುಡುಗನ ಜೇಬಲ್ಲಿತ್ತು.”

“ಕ್ಲಿಪ್ಪು ಮರದ್ದು ಸಾರ್. ಅದು ಯಾರನ್ನೂ ತಡೆಯಲ್ಲ.”

ಶಿವಕಿರಣ್‌ನನ್ನು ಠಾಣೆಗೆ ಕರೆಸಿದರು.

“ನಿನ್ನ ಟ್ರಾನ್ಸ್‌ಮಿಟರ್ ಎಲ್ಲಿಂದ ಬಂತು?”

“ಮೇಷ್ಟ್ರದ್ದೇ ಸಾರ್, ಹಳೇದು. ನನಗೆ ಅಂತ ಕೊಟ್ಟರು.”

“ಅವತ್ತು ಮೈದಾನದಲ್ಲಿ ಮಾಮೂಲಿಗಿಂತ ಬೇರೆ ಏನಾಯ್ತು?”

“ಏನಿಲ್ಲ ಸಾರ್. ಮೊದಲ ಹಾರಾಟ ನಾನೇ ಮಾಡಿದೆ.”

“ಅದರಲ್ಲೇನು?”

“ಹೊಸ ವಿಮಾನ ಯಾರೇ ಕಟ್ಟಲಿ, ಮೊದಲ ಸಲ ಮೇಷ್ಟ್ರೇ ಹಾರಿಸೋದು ಸಾರ್. ನಾನು ಹುಟ್ಟೋಕೆ ಮುಂಚಿಂದ ಹಂಗೇ. ನೆಲ ಬಿಟ್ಟ ಮೇಲೆ ನಮ್ಮ ಕೈಗೆ ಕೊಡ್ತಾರೆ. ಅವತ್ತೂ ಕೈ ಚಾಚಿದರು. ನಾನು ಕೊಡಲಿಲ್ಲ.”

“ಯಾಕಪ್ಪ?”

ಹುಡುಗ ನೆಲ ನೋಡಿದ. “ಅವರ ಕೈ ನಡುಗುತ್ತೆ ಸಾರ್. ಈಚೆಗೆ. ಯಾರೂ ಆಡಲ್ಲ, ಎಲ್ರಿಗೂ ಗೊತ್ತು. ಎರಡು ವರ್ಷದ ಕೆಲಸ... ಹೆದರಿಕೆ ಆಯ್ತು. ನಿಮ್ಮ ಕೈ ನಡುಗುತ್ತೆ ಮೇಷ್ಟ್ರೇ, ನಾನೇ ಹಾರಿಸ್ತೀನಿ ಅಂದ್ಬುಟ್ಟೆ. ಎಲ್ಲರ ಮುಂದೆ.”

“ಅವರೇನಂದ್ರು?”

“ನಕ್ಕರು ಸಾರ್. ಬಿಸಿಲು ಅಂತ ಹೋಗಿ ತಮ್ಮ ವ್ಯಾನಿನಲ್ಲಿ ಕೂತರು.”

ಹದಿನಾರನೆಯ ತಾರೀಖು ಸೋಮವಾರ, ಇಬ್ಬರು ಪಂಚರೊಂದಿಗೆ ಮಹದೇವಯ್ಯ ಒಂಟಿಕೊಪ್ಪಲಿಗೆ ಹೋದರು. ಮೈದಾನದಲ್ಲಿದ್ದ ಎಲ್ಲರ ಟ್ರಾನ್ಸ್‌ಮಿಟರುಗಳನ್ನೂ ವಶಪಡಿಸಿಕೊಳ್ಳುತ್ತಿದ್ದೇವೆಂದರು. ಗುರುಮಲ್ಲಪ್ಪನವರು ತಕರಾರು ಮಾಡದೆ ಮನೆಯ ಹಿಂದಿನ ಶೆಡ್ಡಿಗೆ ಕರೆದೊಯ್ದರು.

ಅಲ್ಲಿ ಮೇಜಿನುದ್ದಕ್ಕೂ ಒಂದು ಜೆಟ್ ಮಲಗಿತ್ತು. ಅಸ್ಥಿಪಂಜರ ಮಾತ್ರ, ಮೈಮೇಲೆ ಬಟ್ಟೆಯಿಲ್ಲ. ಪಕ್ಕೆಲುಬುಗಳ ಮೇಲೆ ಧೂಳು ಕುಳಿತಿತ್ತು. ಅಂಚುಗಳಲ್ಲಿ ಬ್ಲೇಡು ಜಾರಿದ ಕಚ್ಚುಗಳು ಕಾಣುತ್ತಿದ್ದವು. ಅದರ ಸುತ್ತ ಗೋಡೆಯ ಮೇಲೆ ಶಿಷ್ಯರು ಕಟ್ಟಿದ ವಿಮಾನಗಳ ಚಿತ್ರಗಳು. ಪ್ರತಿಯೊಂದರಲ್ಲಿಯೂ ಟ್ರಾನ್ಸ್‌ಮಿಟರ್ ಹಿಡಿದು ನಿಂತವರು ಗುರುಮಲ್ಲಪ್ಪನವರೇ.

“ತಗೊಳ್ಳಿ. ಆ ಭಾನುವಾರದಿಂದ ಪೆಟ್ಟಿಗೆ ತೆಗೆದೇ ಇಲ್ಲ,” ಎಂದು ಒಂದು ಪೆಟ್ಟಿಗೆಯನ್ನು ಮುಂದಿಟ್ಟರು.

ಮಂಟೇಸ್ವಾಮಿ ತೆಗೆದು ಗಟ್ಟಿಯಾಗಿ ಹೇಳುತ್ತ ಬರೆಯತೊಡಗಿದ: “ಟ್ರಾನ್ಸ್‌ಮಿಟರ್ ಒಂದು, ಬೂದು ಬಣ್ಣ. ಹಿಂಬದಿಯಲ್ಲಿ ಕ್ರಿಸ್ಟಲ್, ಸಂಖ್ಯೆ ಮೂವತ್ತೆಂಟು. ಆಂಟೆನಾಗೆ ಕೆಂಪು ರಿಬ್ಬನ್, ಸಂಖ್ಯೆ ನಲವತ್ತೆ...”

ಪೆನ್ನು ನಿಂತಿತು.

“ಮೇಷ್ಟ್ರೇ,” ಎಂದರು ಮಹದೇವಯ್ಯ, “ರಿಬ್ಬನ್ ತಪ್ಪಿದವನನ್ನ ಮನೆಗೆ ಕಳಿಸ್ತೀರಿ, ಅಲ್ವೇ?”

ಗುರುಮಲ್ಲಪ್ಪನವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಎರಡೂ ಕೈಗಳು ನಡುಗಿದವು.

“ಕ್ರಿಸ್ಟಲ್ ವಾಪಸ್ಸು ಬದಲಾಯಿಸಿದಿರಿ. ರಿಬ್ಬನ್ ಉಳೀತು.”

“ಆ ಹೆಂಗಸು ಕೂಗಿದಳು. ಆಮೇಲೆ ಗಂಟು ಬಿಚ್ಚೋಕೆ ಕೈ ಹಿಡಿತಕ್ಕೆ ಬರಲಿಲ್ಲ.”

“ಯಾರಿಗೂ ಗೊತ್ತಾಗದ ಹಾಗೆ ಮಾಡೋ ಕೆಲಸಕ್ಕೆ ರಿಬ್ಬನ್ ಯಾಕೆ ಕಟ್ಟಿದಿರಿ?”

“ಯೋಚಿಸಿ ಕಟ್ಟಲಿಲ್ಲ ಸ್ವಾಮಿ. ನಲವತ್ತೆರಡು ಹಾಕಿದೆ, ನಲವತ್ತೆರಡು ಕಟ್ಟಿದೆ. ಹಾಗಲ್ಲದೆ ನನಗೆ ಬರಲ್ಲ.”

ಇಲ್ಲಿ ಕೋಪ ಬರಬೇಕಾದ್ದು ಇದಕ್ಕೇ. ರಿಬ್ಬನಿನ ನಿಯಮವನ್ನು ಆ ಕೈಗಳು ಪಾಪದ ನಡುವೆಯೂ ಮರೆಯಲಿಲ್ಲ. ಆ ನಿಯಮ ಯಾರ ತಲೆಯನ್ನು ಕಾಯಲೆಂದು ಹುಟ್ಟಿತೋ ಆ ತಲೆಯನ್ನು ಮಾತ್ರ ಮರೆತವು. ಅಂಥ ಶಿಸ್ತನ್ನು ಗುಣವೆಂದು ಕರೆಯುವುದು ಹೇಗೆ?

“ಅಲ್ಲಿ ಹುಲ್ಲು ಕುಯ್ಯೋರು ಬರ್ತಾರೆ ಅಂತ ಗೊತ್ತಿತ್ತು?”

“ಗೊತ್ತಿತ್ತು.”

“ಅವತ್ತು ಇದ್ದಾರಾ ಅಂತ ನೋಡಿದಿರಾ?”

ಗುರುಮಲ್ಲಪ್ಪನವರು ಗೋಡೆಯ ಚಿತ್ರಗಳ ಕಡೆ ತಿರುಗಿದರು.

“ಇಲ್ಲ. ವಿಮಾನ ನೋಡ್ತಿದ್ದೆ. ಎಷ್ಟು ಚೆನ್ನಾಗಿ ಹಾರ್ತಿತ್ತು ಗೊತ್ತಾ? ಅಷ್ಟು ಚೆನ್ನಾಗಿ ನಾನು ಒಂದೂ ಕಟ್ಟಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬನೂ ವ್ಯಾನಿನ ಕಡೆ ತಿರುಗಲಿಲ್ಲ. ಹುಲ್ಲಿಗೆ ಬೀಳಲಿ ಅಂದುಕೊಂಡೆ, ಅಷ್ಟೇ. ಬಿದ್ದರೆ ಹುಡುಗ ಮತ್ತೆ ನನ್ನ ಹತ್ತಿರ ಬರ್ತಾನೆ ಅಂತ.”

“ಬಿದ್ದ ಮೇಲೆ ತಪ್ಪನ್ನ ಅವನ ಅಂಟಿನ ಮೇಲೆ ಹಾಕಿ ಬರೆದುಕೊಟ್ಟಿರಲ್ಲ, ಅದು?”

ಅವರು ಮೇಜಿನ ಡ್ರಾಯರಿನ ಕಡೆ ಬೆರಳು ಮಾಡಿದರು.

ಆ ಡ್ರಾಯರಿನಿಂದ ನಲವತ್ತೆರಡನೆಯ ಚಾನೆಲಿನ ಇನ್ನೊಂದು ಕ್ರಿಸ್ಟಲನ್ನು ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು. ಪ್ರಕರಣಕ್ಕೆ ಕೊಲೆಯಲ್ಲದ ಮಾನವ ಹತ್ಯೆಯ ಕಲಮು ಸೇರಿತು. ಸಂಜೆ ನಾಲ್ಕು ಗಂಟೆಗೆ ಗುರುಮಲ್ಲಪ್ಪನವರ ದಸ್ತಗಿರಿಯಾಯಿತು. ಜೀಪು ಹತ್ತುವಾಗ ಅವರಿಗೆ ಹಿಡಿಕೆ ಸಿಗಲಿಲ್ಲ. ಮಂಟೇಸ್ವಾಮಿ ಕೈಹಿಡಿದು ಹತ್ತಿಸಿದ.

ಸುದ್ದಿ ತಿಳಿದ ಶಿವಕಿರಣ್ ಕೈಮುಗಿಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. “ನನ್ನ ಅಂಟೇ ಬಿಟ್ಟಿದ್ದರೆ ಚೆನ್ನಾಗಿತ್ತು ಸಾರ್,” ಎಂದ.

ಅಂದು ಕತ್ತಲಾಗುವ ಮುಂಚೆಯೇ ಮಹದೇವಯ್ಯ ಕೆಸರೆಗೆ ಹೋದರು. ಪುಟ್ಟತಾಯಮ್ಮ ಹಸುಗಳ ಮುಂದೆ ನಿಂತಿದ್ದಳು. ಎಲ್ಲವನ್ನೂ ಬಿಡಿಸಿ ಹೇಳಿದರು: ಹುಡುಗನದು ತಪ್ಪಿಲ್ಲವೆಂದು, ಮೇಷ್ಟರನ್ನು ಹಿಡಿದಿದ್ದೇವೆಂದು, ಯಾಕೆ ಮಾಡಿದರೆಂದು.

“ಕೈ ನಡುಗ್ತದೆ ಅಂದಿದ್ದಕ್ಕಾ ಸ್ವಾಮಿ?”

“ಹೌದಮ್ಮ.”

“ನಡುಗ್ತಿತ್ತಾ?”

“ನಡುಗ್ತಿತ್ತು.”

“ಆ ಹುಡ್ಗ ನಿಜಾನೇ ಅಂದವ್ನೆ ಅಲ್ವಾ ಮತ್ತೆ?” ಎಂದಳು ಪುಟ್ಟತಾಯಮ್ಮ. ಆಕೆ ಕೇಳುತ್ತಿದ್ದದ್ದು ಇನ್‌ಸ್ಪೆಕ್ಟರನ್ನಲ್ಲ. ಮಹದೇವಯ್ಯ ಟೋಪಿಯನ್ನು ಕಂಕುಳಲ್ಲಿ ಹಿಡಿದು, ಆಕೆ ಅಳುವುದು ಮುಗಿಯುವವರೆಗೆ ಅಲ್ಲಿಯೇ ನಿಂತಿದ್ದರು.