ಹಳೇ ಪೆಟ್ಟಿಗೆಯಲ್ಲಿ ಉಳಿದ ಅಳತೆ

ಹದಿನೈದನೇ ತಾರೀಕು, ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸರ್ವೇ ಕಚೇರಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಬೀಗ ಹಾಕಿದ್ದ ಬೀರುವಿನಿಂದ ಡೇಟಾ ಕಲೆಕ್ಟರ್ ಒಂದು ಕಾಣೆಯಾಗಿತ್ತು. ದೂರು ಬರೆದುಕೊಳ್ಳಲು ಕೂತ ದಫೇದಾರರು ಪೆನ್ನು ಎತ್ತಿ ಹಿಡಿದರು.

"ಏನ್ ಸಾರ್ ಅದು?"

"ಬಯಲಲ್ಲಿ ಅಳತೆ ಮಾಡ್ತೀವಲ್ಲ, ಆ ಅಂಕಿಗಳನ್ನ ತುಂಬಿಟ್ಟುಕೊಳ್ಳೋ ಪೆಟ್ಟಿಗೆ. ಆಮೇಲೆ ಕಂಪ್ಯೂಟರಿಗೆ ಇಳಿಸ್ಕೋತೀವಿ. ಇಪ್ಪತ್ತೆರಡು ವರ್ಷ ಹಳೇದು. ಗುಜರಿಯವನೂ ಮೂಸಿ ನೋಡಲ್ಲ."

"ಗುಜರಿಯವನೂ ಮೂಸದ್ದಕ್ಕೆ ಬೆಳಿಗ್ಗೆ ಬೆಳಿಗ್ಗೆ ಓಡಿ ಬಂದಿದ್ದೀರಿ?"

ಮ್ಯಾನೇಜರ್ ಕತ್ತು ಒರೆಸಿಕೊಂಡರು. "ಸೋಮವಾರ ಬಿತ್ತಲ್ಲ ಲಾಂಡ್ರಿ ಹಿಂದಿನ ಗೋಡೆ, ಅದರ ಅಳತೆ ಅದರೊಳಗಿದೆ. ಮೂಲ ಅಂಕಿ ತೋರಿಸಿ ಅಂತ ನಿನ್ನೆ ಎಂಜಿನಿಯರ್ ಬಂದು ಕೂತಿದ್ರು."

ದಫೇದಾರರ ಮುಖದ ನಗೆ ಇಳಿಯಿತು. ಆ ಗೋಡೆಯಡಿ ಸಿಕ್ಕಿ ಇಸ್ತ್ರಿ ಮಾಡುವವನೊಬ್ಬ ಸತ್ತಿದ್ದ. ಕಲ್ಲು ಸರಿಸಿ ಅವನನ್ನು ಹೊರಗೆಳೆದವರಲ್ಲಿ ದಫೇದಾರರೂ ಒಬ್ಬರು; ಎರಡು ದಿನವಾದರೂ ಅಂಗೈಯ ತರಚುಗಾಯ ಒಣಗಿರಲಿಲ್ಲ. ಮೊಕದ್ದಮೆ ಸಂಖ್ಯೆ 87 ಎಂದು ಎಫ್‌ಐಆರ್ ದಾಖಲಾಯಿತು. ಅದನ್ನು ಕಂಪ್ಯೂಟರಿಗೆ ಹತ್ತಿಸಲು ದಫೇದಾರರು ಎಂದಿನಂತೆ ಕೋಣೆ ಖಾಲಿಯಾಗುವವರೆಗೆ ಕಾದರು. ಐವತ್ತೇಳರ ವಯಸ್ಸಿನಲ್ಲಿ ಒಂದೇ ಬೆರಳಲ್ಲಿ ಅಕ್ಷರ ಹುಡುಕುವುದನ್ನು ನಾಲ್ಕು ಜನ ನೋಡುವುದು ಅವರಿಗೆ ಬೇಕಿರಲಿಲ್ಲ.

ಹನ್ನೆರಡೂವರೆಗೆ ಇನ್ಸ್‌ಪೆಕ್ಟರ್ ಮೇಡಂ ಜೊತೆ ಸ್ಥಳ ಪರಿಶೀಲನೆ. ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿಕೈ ಇದ್ದದ್ದು ಮೂವರ ಬಳಿ: ಮ್ಯಾನೇಜರ್, ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು, ಮತ್ತು ಹಿರಿಯ ಸರ್ವೇಯರ್. ಈ ಹಿರಿಯರನ್ನು ಕಚೇರಿಯವರೆಲ್ಲ ಮಿಲಿಮೀಟರಣ್ಣ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬಿಸಿಲಲ್ಲಿ ನಿಂತು ಮತ್ತೆ ಅಳೆಯುವ ಆಸಾಮಿ.

"ಬೇರೆ ಏನಾದ್ರೂ ಹೋಗಿದೆಯಾ?" ಮೇಡಂ ಕೇಳಿದರು.

"ಚಾರ್ಜರ್," ಎಂದಳು ಕಂಪ್ಯೂಟರಿನವಳು. "ಅದು ಈ ಬೀರುವಲ್ಲಿರಲಿಲ್ಲ. ಆಚೆ ಕೋಣೇಲಿ, ನಕ್ಷೆಗಳ ಕೆಳಗೆ ಇತ್ತು."

"ಚಾರ್ಜ್ ಮಾಡದಿದ್ರೆ?"

"ಎರಡು ವಾರ. ಆಮೇಲೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ."

ದಫೇದಾರರು ಮೇಡಂ ಮುಖ ನೋಡಿದರು. ಅಂಕಿಗಳನ್ನು ಇಲ್ಲದಂತೆ ಮಾಡಬೇಕೆಂದವನು ಪೆಟ್ಟಿಗೆಯನ್ನು ಚರಂಡಿಗೆ ಎಸೆದರೆ ಸಾಕಿತ್ತು. ಇವನು ಚಾರ್ಜರ್ ಹುಡುಕಿ ಹೊತ್ತೊಯ್ದಿದ್ದಾನೆ ಎಂದರೆ ಅವು ಉಳಿಯಲಿ ಎಂದೇ ಅವನ ಆಸೆ.

ಮೇಡಂ ಆ ಗೋಡೆಯ ಕಳೆದೆರಡು ತಿಂಗಳ ಕಡತಗಳನ್ನು ತೆರೆಸಿದರು. ಗೋಡೆಯ ಮೇಲೆ ನಲವತ್ತು ಗುರುತು. ಗೋಡೆ ವಾಲುತ್ತಿದೆಯೇ ಎಂದು ತಿಂಗಳಿಗೊಮ್ಮೆ ಅವನ್ನು ಅಳೆದು, ಅಂದೇ ಸಂಜೆ ವರದಿ ಕೊಡಬೇಕು. ಕಂಪ್ಯೂಟರಿನವಳು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಳು. ದಿನಾಂಕವೊಂದನ್ನು ಬಿಟ್ಟು ಮಿಕ್ಕೆಲ್ಲ ಒಂದೇ.

"ಅಂದ್ರೆ ಗೋಡೆ ಅಲುಗಾಡಿರಲಿಲ್ಲ," ಎಂದರು ಮ್ಯಾನೇಜರ್, ಜೀವ ಬಂದವರಂತೆ.

"ಇಲ್ಲ ಸಾರ್." ಅವಳ ದನಿ ಕುಗ್ಗಿತ್ತು. "ಒಂದೇ ಗುರುತನ್ನ ಒಂದೇ ದಿನ ಎರಡು ಸಲ ಅಳೆದ್ರೂ ಕೊನೇ ಅಂಕಿ ಆಚೀಚೆ ಆಗುತ್ತೆ. ಇಲ್ಲಿ ನಲವತ್ತಕ್ಕೆ ನಲವತ್ತೂ ಒಂದೇ ಇದೆ. ಹೋದ ತಿಂಗಳ ಕಡತಕ್ಕೆ ಹೊಸ ತಾರೀಕು ಹಾಕಿದ್ದಾರೆ."

ವರದಿಯಡಿಯಲ್ಲಿದ್ದದ್ದು ಮಿಲಿಮೀಟರಣ್ಣನವರ ಸಹಿ. ಅವರು ಅಂದು ರಜೆಯಲ್ಲಿದ್ದರು. ಮೂವತ್ತು ವರ್ಷದಲ್ಲಿ ಅವರು ಹೇಳದೆ ಕೇಳದೆ ರಜೆ ಹಾಕಿದ್ದು ಅದೇ ಮೊದಲಂತೆ.

ಹದಿನಾರನೇ ತಾರೀಕು ಬೆಳಿಗ್ಗೆ ಏಳೂವರೆಗೆ ಅವರ ಮನೆಗೆ ಹೋದಾಗ ಹುಡುಕುವ ಪ್ರಮೇಯವೇ ಬರಲಿಲ್ಲ. ಅಡುಗೆಮನೆಯ ಗೋಡೆಗೂಡಿನಲ್ಲಿ ಹಳದಿ ಪೆಟ್ಟಿಗೆ ಕೂತಿತ್ತು. ತಂತಿ ಸ್ವಿಚ್ಚಿಗೆ ಸೇರಿ, ಹಸಿರು ದೀಪ ಉರಿಯುತ್ತಿತ್ತು.

"ಅದನ್ನ ಆರಿಸಬೇಡಿ," ಎಂದರು ಅವರ ಹೆಂಡತಿ ಗಾಬರಿಯಿಂದ. "ಮೊನ್ನೆ ರಾತ್ರಿಯಿಂದ ಊಟ ಬಿಟ್ಟು ಅದನ್ನೇ ಕಾಯ್ತಾ ಕೂತಿದ್ದಾರೆ."

ಮಿಲಿಮೀಟರಣ್ಣ ಒಳಗಿಂದ ಬಂದರು. ಅಂಗಿಯ ಗುಂಡಿ ಹಾಕಿಕೊಂಡು ತಯಾರಾಗಿಯೇ ಇದ್ದರು. ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಮುಗಿಸಿದಾಗ ಎಂಟೂ ಹತ್ತು.

ಹನ್ನೊಂದು ಗಂಟೆಗೆ, ಪಂಚರೆದುರು, ಸರ್ವೇ ಕಚೇರಿಯಲ್ಲಿ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಲು ಕೂತರು. ಹಳೇ ಪೆಟ್ಟಿಗೆಗಿದ್ದದ್ದು ಒಂಬತ್ತು ಸೂಜಿಯ ಅಗಲ ಪ್ಲಗ್ಗು. ಅದು ಕೂರುವ ಹಳೇ ಕಂಪ್ಯೂಟರನ್ನು ಎರಡು ತಿಂಗಳ ಹಿಂದೆ ಸಾಗಹಾಕಿದ್ದರು. ಹೊಸದಕ್ಕೆ ನಡುವೆ ಒಂದು ತುಂಡು ಕೇಬಲ್ ಸೇರಿಸಿ ಚುಚ್ಚಬೇಕಿತ್ತು.

"ಅಳತೆಯ ದಿನ, ಮೂರನೇ ತಾರೀಕು, ಏನಾಯ್ತು?" ಮೇಡಂ ಮಿಲಿಮೀಟರಣ್ಣನವರನ್ನು ಕೇಳಿದರು.

"ಅಳೆದೆ. ನಾಲ್ಕು ಗಂಟೆಗೆ ಬಂದು ಚುಚ್ಚಿದೆ. ಇಳೀಲಿಲ್ಲ."

"ಆಮೇಲೆ?"

"ಚೀಟಿ ನೋಡಿ ಮತ್ತೆ ಮಾಡಿದೆ. ಆರು ಸಲ. ಐದು ಗಂಟೆಗೆ ವರದಿ ಹೋಗಬೇಕಿತ್ತು."

ಚೀಟಿ ಅವರ ಜೇಬಿನಲ್ಲೇ ಇತ್ತು. ಹೋದ ತಿಂಗಳು ಇಳಿಸಿಕೊಡುವಾಗ ಕಂಪ್ಯೂಟರಿನವಳು ಹೇಳಿದ್ದನ್ನು ಅವರು ಮುದ್ದಾದ ಅಕ್ಷರದಲ್ಲಿ ಒಂಬತ್ತು ಸಾಲು ಬರೆದುಕೊಂಡಿದ್ದರು. ನಾಲ್ಕನೆಯದು: ಪೋರ್ಟ್ ನಂಬರ್ 3 ಒತ್ತುವುದು.

ಅವಳು ಚೀಟಿ ಓದಿ ತಲೆಯೆತ್ತಿದಳು. "ಅಣ್ಣಾ, ಯಾವ ತೂತಿಗೆ ಚುಚ್ಚಿದ್ರಿ?"

ಅವರು ಕಂಪ್ಯೂಟರಿನ ಮುಂಭಾಗದ ತೂತನ್ನು ತೋರಿಸಿದರು. "ಹಿಂದಿಂದು ಕೈಗೆ ಎಟುಕಲಿಲ್ಲಮ್ಮ. ತೂತು ಯಾವುದಾದ್ರೇನು ಅಂದ್ಕೊಂಡೆ."

ಅವಳು ತುಟಿ ಕಚ್ಚಿಕೊಂಡಳು. "ತೂತು ಬದಲಾದ್ರೆ ಕಂಪ್ಯೂಟರ್ ಬೇರೆ ನಂಬರ್ ಕೊಡುತ್ತೆ. ಮುಂದಿನದಕ್ಕೆ ಐದು. ಅದನ್ನ ನಾನು ಹೇಳೇ ಇರಲಿಲ್ಲ."

ಕೇಬಲನ್ನು ಅವರು ತೋರಿಸಿದ ತೂತಿಗೇ ಚುಚ್ಚಿ, ಐದು ಒತ್ತಿದಳು. ದಫೇದಾರರು ಗಡಿಯಾರ ನೋಡಿ ಬರೆದುಕೊಂಡರು: ಹನ್ನೊಂದು ಸೆಕೆಂಡು. ನಲವತ್ತು ಗುರುತುಗಳೂ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಲಾಂಡ್ರಿಯ ಬೆನ್ನಿಗಿದ್ದ ಒಂಬತ್ತು ಗುರುತು ಮೂವತ್ತೊಂದು ಮಿಲಿಮೀಟರ್ ಮುಂದಕ್ಕೆ ಸರಿದಿದ್ದವು. ಹತ್ತು ದಾಟಿದರೆ ಒಳಗಿರುವವರನ್ನೆಲ್ಲ ಅಂದೇ ಹೊರಗೆ ಕಳಿಸಬೇಕಿತ್ತು.

"ಇಷ್ಟೇನಾ?" ಎಂದರು ಮಿಲಿಮೀಟರಣ್ಣ. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ.

"ಕೇಳಬಹುದಿತ್ತಲ್ಲ?" ಎಂದರು ಮೇಡಂ. "ಈಕೆ ಇಲ್ಲೇ ಇದ್ದರು."

"ಎರಡು ಸಲ ಕೇಳಿದ್ದೆ. ಎರಡನೇ ಸಲ ಕೇಳಿದಾಗ, ಪೆಟ್ಟಿಗೆ ಜೊತೆ ಅಣ್ಣನ್ನೂ ಬದಲಾಯಿಸಿಬಿಡೋಣ ಅಂತ ಹಿಂದಿನಿಂದ ಯಾರೋ ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ."

ಮ್ಯಾನೇಜರ್ ನೆಲ ನೋಡುತ್ತಿದ್ದರು. ಆ 'ಯಾರೋ' ಯಾರೆಂದು ದಫೇದಾರರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಆದರೆ ಅದು ಯಾವ ಕಾನೂನಿನ ಯಾವ ಕಲಮಿನಡಿಯೂ ಬರುವುದಿಲ್ಲ.

"ಹದಿನಾಲ್ಕು ತಿಂಗಳಿಂದ ಆ ಗೋಡೆ ಎರಡು ಮಿಲಿಮೀಟರ್ ದಾಟಿರಲಿಲ್ಲ," ಎಂದರು ಮಿಲಿಮೀಟರಣ್ಣ. " ಈ ಸಲ ಹಳೇದು ಕಳಿಸ್ತೀನಿ, ಆರನೇ ತಾರೀಕು ಸೋಮವಾರ ಕೇಳಿ ಸರಿಮಾಡ್ತೀನಿ ಅಂದ್ಕೊಂಡೆ. ಸೋಮವಾರ ಆಕೆ ಸುತ್ತ ಎಲ್ಲರೂ ಇದ್ರು. ಮಂಗಳವಾರವೂ ಇದ್ರು."

"ಪೆಟ್ಟಿಗೇಲಿರೋದನ್ನ ಅಳಿಸಬಹುದಿತ್ತು."

"ಸುಳ್ಳು ಕಳಿಸಿದ್ದು ಸಾಲದಾ ತಾಯಿ? ನಿಜಾನೂ ಅಳಿಸಬೇಕಾ?"

ಹನ್ನೆರಡೂ ಐದಕ್ಕೆ ಬಂಧನ. ಸುಳ್ಳು ವರದಿ, ಸಾಕ್ಷ್ಯ ಬಚ್ಚಿಟ್ಟದ್ದು, ನಿರ್ಲಕ್ಷ್ಯದಿಂದ ಸಾವು. ಕೋಳ ಬೇಡವೆಂದು ಮೇಡಂ ಕಣ್ಣಲ್ಲೇ ಹೇಳಿದರು. ಕಂಪ್ಯೂಟರಿನವಳು ಬಾಗಿಲವರೆಗೂ ಬಂದು ಅತ್ತುಬಿಟ್ಟಳು. "ನಿನ್ನ ತಪ್ಪಿಲ್ಲಮ್ಮ" ಎಂದು ಮಿಲಿಮೀಟರಣ್ಣ ಎರಡು ಸಲ ಹೇಳಿದರು.

ಜೀಪಿನಲ್ಲಿ ದಫೇದಾರರು ಅವರ ಪಕ್ಕ ಕೂತರು. ತನಗಿಂತ ಎರಡೇ ವರ್ಷ ಹಿರಿಯ. ನೀರಿನ ಬಾಟಲಿ ತೆಗೆದು ಅವರತ್ತ ಚಾಚಿದರು.

"ಆ ಇಸ್ತ್ರಿಯವನನ್ನ ನೋಡಿದ್ರಾ ನೀವು?" ಎಂದು ಅವರೇ ಕೇಳಿದರು.

"ಹೊರಗೆ ತೆಗೆದಾಗ ಇದ್ದೆ."

"ಮೂರನೇ ತಾರೀಕು ಬಿಸಿಲು ಜಾಸ್ತಿ ಇತ್ತು. ಯಂತ್ರ ಕಾಯುತ್ತೆ ಅಂತ ಅವನೇ ಒಳಗಿಂದ ಕೊಡೆ ತಂದು ಗಂಟೆಗಟ್ಟಲೆ ಹಿಡಿದು ನಿಂತಿದ್ದ. ಗೋಡೆ ಹೇಗಿದೆ ಸಾರ್, ಒಳಗೆ ಕೆಲಸ ಮಾಡಬಹುದಾ ಅಂತ ಕೇಳಿದ."

"ನೀವೇನಂದ್ರಿ?"

"ಸಂಜೆ ಹೊತ್ತಿಗೆ ಹೇಳ್ತೀನಪ್ಪಾ ಅಂದೆ."

ಠಾಣೆಯಲ್ಲಿ ದಫೇದಾರರು ಈ ಮಾತನ್ನೂ ಹೇಳಿಕೆಗೆ ಸೇರಿಸಿದರು. ಓದಿ ಹೇಳಿದಾಗ ಮಿಲಿಮೀಟರಣ್ಣ ಸರಿಯಿದೆ ಎಂದು ತಲೆಯಾಡಿಸಿ ಸಹಿ ಹಾಕಿದರು. ಪ್ರೇರಣೆ ಎಂಬ ಕಡೆ ಏನು ಬರೆಯುವುದೆಂದು ದಫೇದಾರರು ಬಹಳ ಹೊತ್ತು ಕೂತರು. ದುರಾಸೆಯಿರಲಿಲ್ಲ, ಹಗೆಯಿರಲಿಲ್ಲ. ಕೊನೆಗೆ, ಮೂರನೇ ಸಲ ಕೇಳಲು ನಾಚಿಕೆ, ಎಂದು ಬರೆದು ಕಡತವನ್ನು ಮೇಡಂ ಮೇಜಿನ ಮೇಲಿಟ್ಟರು.