ಕಾಗೆ ಮುಟ್ಟಿದ ಎಲೆ

ಛಟ್!

ಬೇಲೆಕೇರಿಯ ಮರಳಿನ ಮೇಲೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮಂದಾಕಿನಿಯ ಕೈ ವಿಕಾಸನ ಎಡಗಿವಿಗೆ ಬಡಿದಿತ್ತು.

“ನನ್ನ ಅಣ್ಣನ್ನ ಕೊಂದು, ಅವನ ಹನ್ನೊಂದನೇ ದಿನಕ್ಕೆ ಉಣ್ಲಿಕ್ಕೆ ಬಂದ್ಯಾ?”

ವಿಕಾಸ ಕಿವಿ ಹಿಡಿದುಕೊಂಡ. ಅವಳ ಅಪ್ಪನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

ಹಿಂದಿನ ಚೌತಿಗೆ ಇವನನ್ನು ಮನೆಗೆ ಕರೆತಂದವನು ಅಣ್ಣ ರೂಪೇಶನೇ. ರೂಪೇಶ ವಾಯುಪಡೆಯ ಪೈಲಟ್, ಮಲ್ಲಾಪುರದ ಹುಡುಗ ವಿಕಾಸ ಅದೇ ವಾಯುಪಡೆಯಲ್ಲಿ ಇಂಜಿನಿಯರ್. ಹಳೆಯ ಯುದ್ಧವಿಮಾನಗಳಿಗೆ ಹೊಸ ಯಂತ್ರ ಕೂರಿಸಿ ಪರೀಕ್ಷೆ ಮಾಡುವುದು ಅವನ ಕೆಲಸ. ವಿಮಾನ ನೆಲಕ್ಕೋ ಗುಡ್ಡಕ್ಕೋ ನುಗ್ಗಿದರೆ, ಪೈಲಟ್‌ಗೆ ಎಚ್ಚರ ತಪ್ಪಿದ್ದರೂ ಸರಿಯೆ, ಯಂತ್ರವೇ ಅದರ ಮೂತಿ ಮೇಲೆತ್ತಬೇಕು.

“ಇವನ ಯಂತ್ರ ಥೇಟ್ ನಮ್ಮ ಆಯಿ ನೋಡು!” ಊಟಕ್ಕೆ ಕೂತ ರೂಪೇಶ ನಕ್ಕಿದ್ದ. “ಬೀಳ್ತೆ ಅಂತ ಸುಮ್ಸುಮ್ನೆ ಹೆದರಿ ರಟ್ಟೆ ಹಿಡಿದು ಎಳೀತದೆ.”

“ಎಳೆದ್ರೆ ಎಳೀಲಿ ಮಾರಾಯಾ. ನೀ ಅದರ ಸ್ವಿಚ್ ಆರಿಸಬೇಡ ಅಷ್ಟೇ,” ಅಂದಿದ್ದ ವಿಕಾಸ.

“ಹಂಗಾರೆ ನಮ್ಮ ಮಂದಾನ್ನೂ ನಿಂಗೇ ಕೊಡ್ತೆ. ಇವಳೂ ಹಂಗೇ, ಹಿಡಿದ್ರೆ ಬಿಡೂದಿಲ್ಲ!”

ಬಡಿಸುತ್ತಿದ್ದ ಮಂದಾಕಿನಿ ವಿಕಾಸನ ಎಲೆಗೆ ಮತ್ತೊಂದು ಸೌಟು ಸಾರು ಸುರಿದಿದ್ದಳು. ವಿಕಾಸ ತಲೆಯೆತ್ತಿದ್ದ... ಇಬ್ಬರ ಕಣ್ಣೂ ಒಪ್ಪಿಕೊಂಡುಬಿಟ್ಟಿದ್ದವು.

ಆಮೇಲೆ ರೂಪೇಶನ ವಿಮಾನ ಗುಡ್ಡಕ್ಕೆ ಬಡಿಯಿತು. ‘ವಿಕಾಸನ ಯಂತ್ರ ಕೈಕೊಟ್ಟಿತು’ ಎಂದು ಅಪ್ಪ ಪುಂಡಲೀಕ ಊರಿಗೆಲ್ಲ ಹೇಳಿದ.

ಇವತ್ತು ಮರಳ ಮೇಲೆ ಪಿಂಡ ಇಟ್ಟು ಎಷ್ಟು ಹೊತ್ತಾದರೂ ಕಾಗೆ ಇಳಿದಿರಲಿಲ್ಲ.

“ತಂಗಿ ಮದುವೆ ಆಸೆ ಉಳಿದದೆ ಅವನಿಗೆ...” ನಾಗಮ್ಮತ್ತೆ ಸೆರಗು ಬಾಯಿಗಿಟ್ಟಳು.

ಎಲೆಯ ಸುತ್ತ ಮುತ್ತಿಕೊಂಡಿದ್ದ ಜನ ವಿಕಾಸನನ್ನು ದಬ್ಬಲು ಅತ್ತ ನುಗ್ಗಿದರು. ಪುಂಡಲೀಕ ಕೈ ಮುಗಿದು ಕೂಗಿದ:

“ರೂಪೇಶಾ! ಈ ಕೊಲೆಗಡುಕನಿಗೆ ನಿನ್ನ ತಂಗಿಯನ್ನ ಕೊಡೂದಿಲ್ಲ. ಮುಟ್ಟು ಮಗಾ!”

ಕಾಗೆ ಇಳಿಯಿತು. ಅನ್ನ ಮುಟ್ಟಿತು.

ಸತ್ತವನೇ ಹೇಳಿದ ಮೇಲೆ ಇನ್ನೇನಿದೆ? ಮಂದಾಕಿನಿ ಎದೆಗೆ ಕಲ್ಲು ಕಟ್ಟಿಕೊಂಡಳು. ಬಂದ ಗಂಡುಗಳನ್ನೆಲ್ಲ ಬೇಡ ಅಂದಳು. ಹಗಲು ವಿಕಾಸನನ್ನು ಶಪಿಸುವಳು... ಮಲಗಿದರೆ ಅದೇ ಮುಖ!

ವರ್ಷಗಳು ಉರುಳಿದವು. ರೂಪೇಶನ ಒಂದು ತಿಥಿಯ ದಿನ ಕಾಗೆ ಮತ್ತೆ ತಡ ಮಾಡಿತು.

“ದೂರ ಸರೀರಿ ಎಲ್ಲ! ಮೇಲೆ ಬಿದ್ಕಂಡು ನಿಂತ್ರೆ ಹೆದರೂದಿಲ್ವಾ ಅದು?” ಎಂದು ಗದರಿದ ಪುಂಡಲೀಕ.

ಜನ ಸರಿದರು. ಕಾಗೆ ಇಳಿಯಿತು.

ಮಂದಾಕಿನಿಗೆ ಹೊಳೆಯಿತು. ‘ಅವತ್ತೂ... ಜನ ಸರಿದಿದ್ದರು!’

“ಅಪ್ಪಾ, ಅವತ್ತು ಕಾಗೆ ಇಳಿದದ್ದು ನಿನ್ನ ಮಾತಿಗಲ್ಲ ಅಲ್ವಾ?”

ಪುಂಡಲೀಕ ಅವಳನ್ನು ದಿಟ್ಟಿಸಿದ. ಕಣ್ಣಲ್ಲಿ ನೀರೂ ಇಲ್ಲ, ನಾಚಿಕೆಯೂ ಇಲ್ಲ.

“ಯಂತ್ರದ ಸ್ವಿಚ್ ಆರಿಸಿದ್ದು ನಿನ್ನ ಅಣ್ಣನೇ. ಹನ್ನೊಂದರ ಬೆಳಿಗ್ಗೆ ವಿಕಾಸನೇ ಬಂದು ಅಳ್ತಾ ಹೇಳಿದ. ಬಾಯಿ ಬಿಡೂದಿಲ್ಲ ಅಂತ ಆಣೆ ಹಾಕಿಸ್ಕಂಡೆ.”

“ಯಾಕಪ್ಪಾ?!”

“ಸತ್ತ ನನ್ನ ಮಗ ಊರ ಬಾಯಿಗೆ ಬೀಳಬೇಕಾ? ಪರರ ಮಗ ಬೀಳಲಿ.”

ಅವಳು ಚಪ್ಪಲಿ ಮೆಟ್ಟಿದಳು.

“ಹೊಸ್ತಿಲು ದಾಟಿದ್ರೆ ನಿಂಗೂ ಸೇರಿ ಪಿಂಡ ಇಟ್ಬಿಡ್ತೆ!”

“ಇಡು ಅಪ್ಪಾ. ಜನರನ್ನ ದೂರ ನಿಲ್ಲಿಸು, ಕಾಗೆ ಮುಟ್ತದೆ.”

ಮಲ್ಲಾಪುರದ ತನ್ನ ಮನೆಯವರ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ, ರಜೆಗೆ ಬಂದಿದ್ದ ವಿಕಾಸ ಒಬ್ಬನೇ ಕೂತಿದ್ದ. ಅವಳು ಹಿಂದಿನಿಂದ ಬಂದು ಅವನ ಎಡಕ್ಕೆ, ಒಂದು ಮೆಟ್ಟಿಲು ಮೇಲೆ ಕೂತಳು. ಅವನಿಗೆ ಗೊತ್ತೇ ಆಗಲಿಲ್ಲ. ಅವಳು ಅತ್ತಳು, ತಪ್ಪೊಪ್ಪಿದಳು, ಬೇಡಿಕೊಂಡಳು. ಅವನು ಬಲಕ್ಕೆ ಮುಖ ಮಾಡಿ ರಸ್ತೆ ನೋಡುತ್ತಲೇ ಇದ್ದ.

“ಇಷ್ಟು ಸಿಟ್ಟಾ ನಿಮಗೆ?” ಭುಜ ಹಿಡಿದು ಅಲುಗಾಡಿಸಿದಳು.

ಅವನು ಬೆಚ್ಚಿ ತಿರುಗಿದ. “ಮಂದಾ?! ಯಾವಾಗ ಬಂದೆ? ಆ ಕಿವಿ ಕೇಳೂದಿಲ್ಲ...”

“ಯಾವಾಗಿನಿಂದ?”

ಅವನ ಕೈ ಎಡಗಿವಿಗೆ ಹೋಯಿತು. ಅವಳು ತನ್ನ ಅಂಗೈ ನೋಡಿಕೊಂಡಳು... ಬೇಲೆಕೇರಿಯ ಮರಳು ನೆನಪಾಯಿತು. ಅಯ್ಯೋ ದೇವರೇ!

“ಎಂತ ಹೇಳ್ತಿದ್ದೆ?” ಅವನು ಮೆಲ್ಲಗೆ ಕೇಳಿದ.

“ತಪ್ಪಾಯ್ತು ಅಂದೆ...”

“ಅದು ಆ ಕಿವಿಯಲ್ಲೇ ಇರ್ಲಿ.” ಆ ಅಂಗೈ ಹಿಡಿದು ಅವಳನ್ನು ಬಲಕ್ಕೆ ಎಳೆದುಕೊಂಡ. “ಈ ಕಿವಿಗೆ ಬೇರೆ ಏನಾದ್ರೂ ಹೇಳು.”