ಒಗರು ತಿಳಿಯದ ನಾಲಿಗೆ

೧೯೮೬ರ ಜುಲೈ ೧೪, ಬೆಳಿಗ್ಗೆ ೭.೧೦. ತಿರುಪ್ಪೂರಿನ ಹೊರಗಿನ ಒಂದು ಠಾಣೆಗೆ ಸಾಮಿಯಾತಾಳ್ ಬಂದು ದೂರು ಕೊಟ್ಟರು. ಬನಿಯನ್ ರಫ್ತು ಮಾಡುತ್ತಿದ್ದ ಗಂಡ ಕುಪ್ಪುಸಾಮಿ, ಫ್ರಾನ್ಸಿನ ಗಿರಾಕಿ ಕೊಟ್ಟಿದ್ದ ವೈನ್ ಕುಡಿದು ಹಿಂದಿನ ಸಂಜೆ ಸತ್ತಿದ್ದರು. ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ರಂಗನಾಥರ ಮೂಗಿನ ಕೀರ್ತಿ ಸಣ್ಣದಲ್ಲ. ಗಾಂಧಿಪುರಂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಉಸಿರೆಳೆದರೆ, ಹದಿನೈದು ಮೈಲಿ ದೂರದ ಕರುಮತ್ತಂಪಟ್ಟಿಯ ಯಾವ ಮನೆಯ ಮಡಕೆಯಲ್ಲಿ ಎಷ್ಟು ಲೋಟ ಸಾರಾಯಿ ಇದೆಯೆಂದು ಲೆಕ್ಕ ಹೇಳುವ ಮೂಗು! ಅವರ ಜೀಪಿನ ಸದ್ದಿಗೇ ಸಾರಾಯಿ ಹೆದರಿ ನೀರಾಗುತ್ತಿತ್ತು.

೮.೩೦ಕ್ಕೆ ಪಂಚನಾಮೆ. ಒಂದು ಬಾಟಲಿ, ಎರಡು ಲೋಟ. ಮೂರೂ ತೊಳೆದಿದ್ದವು.

"ತೊಳೆದವರು ಯಾರಮ್ಮ?"

"ನಾನೇ ಸಾಮಿ. ಎಂಜಲು ಲೋಟ ಬಿಡಬಾರದಲ್ಲ. ಬಾಟಲಿ ಎಣ್ಣೆಗೆ ಆಗುತ್ತೆ ಅಂತ ಅದನ್ನೂ ತೊಳೆದೆ. ಆಮೇಲೆ ಅವರಿಗೆ ವಾಂತಿ ಶುರುವಾಯ್ತು."

ಧಣಿಯ ಜೊತೆಗೆ ಕೂತು ಕುಡಿದವನು ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಾಸ್ಟರ್ ನಂಜುಂಡನ್. ಬಾಟಲಿ ತೆರೆದು ಸುರಿದವನೂ ಅವನೇ.

"ಮೊದಲಾಳಿ ಅರ್ಧ, ನಾನರ್ಧ. ನನಗೇನಾಯ್ತು ಸಾರ್? ಲೋಟ ತಂದವರು ಅಮ್ಮ."

ಸಾಮಿಯಾತಾಳ್ ಕುತ್ತಿಗೆಗೆ ಹಗ್ಗ ಹತ್ತಿರವಾಗುತ್ತಿತ್ತು.

ಗಿರಾಕಿ ಕೊಟ್ಟಿದ್ದ ಜೋಡಿಯಲ್ಲಿ ಇನ್ನೊಂದು ಬಾಟಲಿ ತೆರೆಯದೆ ಉಳಿದಿತ್ತು. ಹೆಣದ ಹೊಟ್ಟೆಯಲ್ಲಿ ವಿಷವಿದೆ, ಈ ಬಾಟಲಿಯಲ್ಲಿ ಇಲ್ಲ ಎಂಬ ವರದಿ ಜುಲೈ ೨೧ರಂದು ಬಂತು. ಮೂರು ಜಾತಿ ದ್ರಾಕ್ಷಿ ಬೆರೆಸಿದ, ಇಪ್ಪತ್ತು ವರ್ಷ ಹಳೆಯ ಕೆಂಪು ವೈನ್. ರಂಗನಾಥರು ಸ್ಟೀಲ್ ಲೋಟದಲ್ಲಿ ರುಚಿ ನೋಡಿದರು. ಮೊದಲು ಒಣಗಿದ ನೇರಳೆ. ಹಿಂದೆಯೇ ಹಳೇ ಚರ್ಮ, ಹೊಗೆಸೊಪ್ಪು, ಮರದ ಪೆಟ್ಟಿಗೆಯ ವಾಸನೆ. ಕೊನೆಗೆ ಅಡಿಕೆ ಜಗಿದಂತೆ ನಾಲಿಗೆ ಹಿಡಿಯುವ ಒಗರು. ಸಿಹಿ ಎಳ್ಳಷ್ಟೂ ಇಲ್ಲ.

"ಸಾರ್, ಸಾಕ್ಷ್ಯ ಮುಗಿದುಹೋಗ್ತಿದೆ," ಎಂದರು ಹೆಡ್ ಕಾನ್‌ಸ್ಟೇಬಲ್ ಮಯಿಲ್‌ಸಾಮಿ.

ಮಧ್ಯಾಹ್ನ ೨.೦೦. ತಮಿಳಿನಲ್ಲಿ ಶುರುವಾದ ನಂಜುಂಡನ್ ವಿಚಾರಣೆ ಇಬ್ಬರ ಮನೆಮಾತಾದ ಕನ್ನಡಕ್ಕೆ ಹೊರಳಿತು.

"ಹ್ಯಾಗಿತ್ತು ನಂಜುಂಡಾ, ರುಚಿ?"

"ಪನ್ನೀರ್ ದ್ರಾಕ್ಷಿ ರಸ ಸಾರ್. ಜೇನಿನ ಹಾಗೆ ಸಿಹಿ."

ರಂಗನಾಥರು ಲೋಟ ಮುಂದೆ ತಳ್ಳಿದರು. "ಇದೂ ಅದೇ. ಕುಡಿ."

ನಂಜುಂಡನ್ ಮುಖ ತಿರುಗಿಸಿದ. "ಮುಟ್ಟಲ್ಲ. ನಮ್ಮನೇಲಿ ಯಾರೂ ಮುಟ್ಟಿಲ್ಲ."

"ಮತ್ತೆ ನಿನ್ನ ಅರ್ಧ?"

"ಮೋರಿಗೆ ಚೆಲ್ಲಿದೆ. ಬಣ್ಣದ ನೀರು ಹರಿಯೋ ಮೋರೀಲಿ ಕೆಂಪು ಯಾರ ಕಣ್ಣಿಗೆ ಬೀಳುತ್ತೆ ಸಾರ್?"

ಬಣ್ಣದ ಡಬ್ಬಿಗಳ ಹಿಂದಿನಿಂದ ವಿಷದ ಪೊಟ್ಟಣವನ್ನು ಅವನೇ ತೆಗೆದುಕೊಟ್ಟ. ಪಂಚರ ಸಹಿಯಾಯಿತು. ೪.೨೦ಕ್ಕೆ ಬಂಧನ.

"ಯಾಕೋ?"

"ಹೋದ ವರ್ಷ ಬಾಯ್ಲರ್ ಸಿಡಿದು ನನ್ನ ತಮ್ಮ ಗೋವಿಂದಸಾಮಿ ಬೆಂದು ಸತ್ತ. ಕುಡಿದು ಬಿದ್ದ ಅಂದ ಮೊದಲಾಳಿ. ಅವತ್ತಿಂದ ನಮ್ಮ ಹೆತ್ತಮ್ಮ ನಾಚಿಕೆಗೆ ಬೀದಿಗಿಳಿದಿಲ್ಲ. ಅದನ್ನ ಹಾಗೇ ಬರೆದವರು ಯಾರು ಸಾರ್?"

ಮಯಿಲ್‌ಸಾಮಿ ಹಳೆಯ ಕಡತ ತಂದು ಮೇಜಿನ ಮೇಲಿಟ್ಟರು. 'ಮದ್ಯದ ಅಮಲಿನಲ್ಲಿ' ಎಂಬ ಸಾಲಿನ ಕೆಳಗೆ ರಂಗನಾಥರ ಸಹಿ ಇತ್ತು. ಹದಿನೈದು ಮೈಲಿ ಆಚೆಯ ಸಾರಾಯಿ ಹಿಡಿಯುತ್ತಿದ್ದ ಮೂಗು, ಅಂದು ಎರಡಡಿ ದೂರದ ಹೆಣದ ಬಾಯಿಯ ಹತ್ತಿರಕ್ಕೆ ಬಾಗಿರಲಿಲ್ಲ.